ಒಂದೇ ಉತ್ತರ, ಇಬ್ಬರಿಗೂ ಎರಡು

ಬೆಲೋಬ್ರೆಗ್ ಊರಿನ ಹೈಸ್ಕೂಲಿನಲ್ಲಿ ಸ್ಲಾವ್ಕಾ ದೋಯ್ಚಿನೋವಾ ಮೂವತ್ನಾಲ್ಕು ವರ್ಷದಿಂದ ಗಣಿತ ಕಲಿಸುತ್ತಿದ್ದಳು. ಕಲಿಸುತ್ತಿದ್ದಳು ಎನ್ನುವುದಕ್ಕಿಂತ ಕಾವಲು ಕಾಯುತ್ತಿದ್ದಳು ಎಂದರೂ ನಡೆಯುತ್ತದೆ. ಒಂದು ಬೆಂಚಿಗೆ ಇಬ್ಬರು ಮಕ್ಕಳು, ಪರೀಕ್ಷೆಯ ದಿನ ಇಬ್ಬರಿಗೂ ಬೇರೆ ಬೇರೆ ಪ್ರಶ್ನೆಪತ್ರಿಕೆ. ಎಡಗಡೆ ಕೂತವರು ಮೊದಲ ಗುಂಪು, ಬಲಗಡೆ ಕೂತವರು ಎರಡನೇ ಗುಂಪು. ಈ ಪದ್ಧತಿ ದೇಶದಲ್ಲೆಲ್ಲ ಇದೆ, ಅದರಲ್ಲಿ ಅವಳ ಹೆಚ್ಚುಗಾರಿಕೆ ಏನೂ ಇಲ್ಲ. ಆದರೆ ಬೇರೆಯವರು ಅಲ್ಲೊಂದು ಇಲ್ಲೊಂದು ಅಂಕಿ ಬದಲಿಸಿ ಕೈ ತೊಳೆದುಕೊಂಡರೆ, ಸ್ಲಾವ್ಕಾ ಭಾನುವಾರವಿಡೀ ಅಡುಗೆಮನೆಯ ಮೇಜಿನ ಮುಂದೆ ಕೂತು ಎರಡೂ ಪತ್ರಿಕೆಗಳ ಒಂದೊಂದು ಲೆಕ್ಕವನ್ನೂ ತಾನೇ ಮಾಡಿ, ಎರಡು ಗುಂಪಿನ ಉತ್ತರ ಎಲ್ಲೂ ಒಂದೇ ಆಗದಂತೆ ನೋಡಿಕೊಳ್ಳುತ್ತಿದ್ದಳು. ಅಲ್ಲಿಂದ ಹುಟ್ಟಿದ್ದು ಅವಳ ಕಾನೂನು. ಅಕ್ಕಪಕ್ಕದವರ ಉತ್ತರ ಒಂದೇ ಆಗಿದ್ದರೆ ಯಾರೋ ಒಬ್ಬರು ಇನ್ನೊಬ್ಬರದನ್ನು ನೋಡಿ ಬರೆದಿದ್ದಾರೆ ಎಂದೇ ಅರ್ಥ. ಯಾರು ನೋಡಿದ್ದು, ಯಾರು ತೋರಿಸಿದ್ದು ಎಂಬ ವಿಚಾರಣೆಗೆಲ್ಲ ಅವಳ ಹತ್ತಿರ ಪುರುಸೊತ್ತಿಲ್ಲ.

‘ಒಂದೇ ಉತ್ತರ, ಇಬ್ಬರಿಗೂ ಎರಡು’ ಎಂದು ಹೇಳಿ ಕೆಂಪು ಪೆನ್ನು ತೆಗೆಯುತ್ತಿದ್ದಳು. ಆರು ಎಂದರೆ ಎಲ್ಲಕ್ಕಿಂತ ಮೇಲಿನ ಅಂಕ, ಎರಡು ಎಂದರೆ ಫೇಲು. ಎರಡಕ್ಕಿಂತ ಕೆಳಗೆ ಕೊಡಲು ಸರ್ಕಾರ ಅವಕಾಶ ಕೊಟ್ಟಿರಲಿಲ್ಲ, ಆ ವಿಷಯದಲ್ಲಿ ಅವಳಿಗೆ ಸರ್ಕಾರದ ಮೇಲೆ ಸ್ವಲ್ಪ ಮುನಿಸಿತ್ತು.

ಊರಿನಲ್ಲಿ ಮಕ್ಕಳು ಕಡಿಮೆಯಾಗುತ್ತ ಬಂದರು. ಮುಂದಿನ ವರ್ಷದಿಂದ ಗಣಿತಕ್ಕೆ ಒಂದೇ ಹುದ್ದೆ ಎಂದು ಹೆಡ್‌ಮಾಸ್ಟರ್ ಹಾಜಿಯೆವ್ ಫೆಬ್ರವರಿಯಲ್ಲೇ ಹೇಳಿಬಿಟ್ಟ. ಇದ್ದವರು ಇಬ್ಬರು, ಸ್ಲಾವ್ಕಾ ಮತ್ತು ಯಾವೋರ್ ಎಂಬ ಮೂವತ್ತರ ಹುಡುಗ. ಮಾರ್ಚಿನಲ್ಲಿ ಇಬ್ಬರೂ ಒಂದೊಂದು ತೆರೆದ ಪಾಠ ಮಾಡಬೇಕು, ಜಿಲ್ಲೆಯಿಂದ ಇನ್ಸ್‌ಪೆಕ್ಟರ್ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ, ಅವರ ವರದಿ ಯಾರ ಕಡೆಗಿದೆಯೋ ಅವರಿಗೆ ಹುದ್ದೆ. ಪಾಠದಲ್ಲಿ ಹೊಸ ವಿಧಾನ ಇರಬೇಕು, ಅಂದರೆ ಒಗಟು, ಆಟ, ಜೋಡಿ ಚಟುವಟಿಕೆ.

ಸ್ಲಾವ್ಕಾಗೆ ಐವತ್ತೊಂಬತ್ತು. ಬೇಕಾದರೆ ಪಿಂಚಣಿ ತೆಗೆದುಕೊಂಡು ಮನೆಯಲ್ಲಿ ಕೂರಬಹುದಿತ್ತು. ಆದರೆ ಬೆಳಗ್ಗೆ ಏಳೂಮುಕ್ಕಾಲಿಗೆ ಹನ್ನೆರಡನೇ ನಂಬರಿನ ಕೋಣೆಯ ಬೀಗ ತೆಗೆದು ಒದ್ದೆ ಬಟ್ಟೆಯಿಂದ ಬೋರ್ಡು ಒರೆಸದೆ ಒಂದು ದಿನ ಹೇಗೆ ಶುರುವಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗಂಡ ಹೋಗಿ ಎಂಟು ವರ್ಷ, ಮಗಳು ಸೋಫಿಯಾದಲ್ಲಿ. ಆ ಕೋಣೆ ಕೈತಪ್ಪಿದರೆ ತಾನು ಯಾರು ಎಂಬ ಪ್ರಶ್ನೆಗೆ ಅವಳ ಹತ್ತಿರ ಎರಡೂ ಗುಂಪಿನಲ್ಲಿ ಉತ್ತರವಿರಲಿಲ್ಲ. ಅವಳಿಗೆ ಹೆದರಿಕೆಯಾಗಿತ್ತು, ಅಷ್ಟೇ ವಿಷಯ.

ಹಾಗಾಗಿ ತರಬೇತಿಗೆ ಹೋದಳು. ಬೆಟ್ಟದ ಮೇಲಿನ ಹೋಟೆಲಿನಲ್ಲಿ ಎರಡು ದಿನ. ಬಣ್ಣದ ಚೀಟಿ ಹಿಡಿದ ಒಬ್ಬಳು ಹುಡುಗಿ ಅರವತ್ತು ಗಣಿತದ ಟೀಚರುಗಳನ್ನು ಜೋಡಿ ಜೋಡಿಯಾಗಿ ಕೂರಿಸಿ, ‘ಪಕ್ಕದವರ ಜೊತೆ ಮಾತಾಡ್ತಾ ಬಿಡಿಸಿ!’ ಎಂದು ಚಪ್ಪಾಳೆ ತಟ್ಟಿದಳು. ಅರವತ್ತು ಜನ ಅರವತ್ತು ಎಡತೋಳುಗಳಿಂದ ತಮ್ಮ ಹಾಳೆ ಮುಚ್ಚಿಕೊಂಡು ಸದ್ದಿಲ್ಲದೆ ಬಿಡಿಸಿ ಮುಗಿಸಿದರು. ಹುಡುಗಿ ಮಾತ್ರ ಚಪ್ಪಾಳೆ ನಿಲ್ಲಿಸಲಿಲ್ಲ, ಪಾಪ.

ಆದರೂ ಒಂದು ಒಗಟು ಸ್ಲಾವ್ಕಾಗೆ ಮೆಚ್ಚುಗೆಯಾಯಿತು. ಒಂದು ಹಾಳೆ, ಎರಡು ಸಾಲು. ಎಡಸಾಲಿನ ಆರು ಲೆಕ್ಕ ಒಬ್ಬರಿಗೆ, ಬಲಸಾಲಿನ ಆರು ಇನ್ನೊಬ್ಬರಿಗೆ. ಲೆಕ್ಕಗಳು ಬೇರೆ, ಉತ್ತರಗಳು ಮಾತ್ರ ಒಂದೇ. ಎಡದವನಿಗೂ ಐದು, ಬಲದವಳಿಗೂ ಐದು ಬಂದರೆ ಇಬ್ಬರೂ ಸರಿ. ಬರದಿದ್ದರೆ ಯಾರೋ ಒಬ್ಬರು ತಪ್ಪು, ಆ ತಪ್ಪನ್ನು ಇಬ್ಬರೂ ಸೇರಿ ಹುಡುಕಬೇಕು. ಟೀಚರು ಬಾಯಿ ಬಿಡುವುದೇ ಬೇಡ. ಇದನ್ನು ತಯಾರಿಸುವುದು ಸ್ಲಾವ್ಕಾಗೆ ನೀರು ಕುಡಿದಷ್ಟು ಸಲೀಸು. ಮೂವತ್ನಾಲ್ಕು ವರ್ಷ ಉತ್ತರಗಳು ಒಂದೇ ಆಗದಂತೆ ನೋಡಿಕೊಂಡವಳಿಗೆ ಒಂದೇ ಆಗುವಂತೆ ಮಾಡುವುದೇನು ಮಹಾ?

ತೆರೆದ ಪಾಠವನ್ನು ಮೊದಲೇ ಮಕ್ಕಳಿಗೆ ಮಾಡಿಸಿಟ್ಟುಕೊಳ್ಳುವುದು ಎಲ್ಲ ಶಾಲೆಗಳಲ್ಲೂ ನಡೆದುಬಂದದ್ದು. ಯಾವೋರ್ ತನ್ನ ಪಾಠವನ್ನು ಮೂರು ಸಲ ಮಾಡಿಸಿದ್ದ. ಯಾವ ಜೋಕಿಗೆ ನಗಬೇಕು ಎಂಬುದೂ ಅವನ ಮಕ್ಕಳಿಗೆ ಬಾಯಿಪಾಠವಾಗಿತ್ತು.

‘ನೀವೂ ಒಂದ್ಸಲ ಮಾಡಿಸಿಬಿಡಿ ಮೇಡಂ,’ ಎಂದು ಹಾಜಿಯೆವ್ ಸ್ಟಾಫ್ ರೂಮಿನಲ್ಲಿ ಅವಳ ಪಕ್ಕ ಕೂತು ದನಿ ತಗ್ಗಿಸಿ ಹೇಳಿದ. ಅವನು ವ್ಯಾಯಾಮದ ಮೇಷ್ಟರಾಗಿದ್ದು ಹೆಡ್‌ಮಾಸ್ಟರ್ ಆದವನು, ಒಳ್ಳೆಯ ಮನುಷ್ಯ. ‘ಓಟಕ್ಕೆ ಮುಂಚೆ ಮೈ ಬಿಸಿ ಮಾಡ್ಕೊಳಲ್ವಾ, ಹಂಗೆ ಅಂದ್ಕೊಳಿ.’

‘ಮೊದ್ಲೇ ಮಾಡ್ಸಿ ಆಮೇಲೆ ಹೊಸ್ದಾಗಿ ಮಾಡ್ತಿದೀವಿ ಅಂತ ತೋರ್ಸೋದು ಕಾಪಿ ಹೊಡ್ದಂಗೆ ಸಾರ್. ನನ್ನ ಕ್ಲಾಸಲ್ಲಿ ಕಾಪಿ ಇಲ್ಲ.’

‘ನಿಮ್ಮಿಷ್ಟ,’ ಎಂದ ಹಾಜಿಯೆವ್, ಮತ್ತು ತಿನ್ನುತ್ತಿದ್ದ ಬಾನಿತ್ಸಾ ಎಂಬ ಚೀಸ್ ತಿಂಡಿಯ ಎಣ್ಣೆ ಬೆರಳನ್ನು ಅವಳ ಹಾಳೆಗೇ ಒರೆಸಿದ.

ಮಾರ್ಚ್ ಹತ್ತೊಂಬತ್ತಕ್ಕೆ ಇನ್ಸ್‌ಪೆಕ್ಟರ್ ಬಂದಳು. ಬಾಗಿಲಲ್ಲಿ ಅವಳನ್ನು ನೋಡಿದ ಕೂಡಲೇ ಸ್ಲಾವ್ಕಾಗೆ ಜೀವ ಬಂದಂತಾಯಿತು. ಬಿಸೆರಾ ತಾಪಾರೋವಾ! ಅವಳದೇ ಹಳೆಯ ವಿದ್ಯಾರ್ಥಿನಿ, ಇದೇ ಕೋಣೆಯ ಮೂರನೇ ಬೆಂಚು. ಈಗ ಮೂವತ್ತೇಳು ವರ್ಷ, ಬೂದುಬಣ್ಣದ ಕೋಟು, ಮಣಿಕಟ್ಟಿನಲ್ಲಿ ಮಾರ್ಚ್ ಬಂದರೆ ಎಲ್ಲರೂ ಶುಭಕ್ಕೆಂದು ಕಟ್ಟಿಕೊಳ್ಳುವ ಕೆಂಪು-ಬಿಳಿ ದಾರ.

‘ಚೆನ್ನಾಗಿದೀರಾ ಮಿಸ್?’ ಎಂದಳು ಬಿಸೆರಾ. ಬಹಳ ನಯವಾಗಿ ಹೇಳಿದಳು, ಆದರೆ ಕೈ ಕೊಡಲಿಲ್ಲ. ಸ್ಲಾವ್ಕಾ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ತನ್ನ ಹುಡುಗಿ, ತನ್ನ ಕೈ ಬಿಡುವುದಿಲ್ಲ ಎಂದುಕೊಂಡಳು.

ಎಂಟನೇ ತರಗತಿಯ ಇಪ್ಪತ್ನಾಲ್ಕು ಮಕ್ಕಳಿಗೆ ಹನ್ನೆರಡು ಹಾಳೆ ಹಂಚಿದಳು. ಹಿಂದಿನ ಬೆಂಚಿನಲ್ಲಿ ಕೂತ ಹಾಜಿಯೆವ್ ಮತ್ತು ಬಿಸೆರಾಗೂ ಮರ್ಯಾದೆಗೆ ಒಂದು ಕೊಟ್ಟಳು.

‘ಇವತ್ತು ಪರೀಕ್ಷೆ ಅಲ್ಲ, ಒಗಟು,’ ಎಂದಳು. ‘ಎಡಗಡೆಯವರು ಎಡಸಾಲು ಮಾಡಿ, ಬಲಗಡೆಯವರು ಬಲಸಾಲು. ಆಮೇಲೆ ಇಬ್ಬರ ಉತ್ತರಾನೂ ಹೋಲ್ಸಿ ನೋಡಿ. ಒಂದೇ ಬಂದ್ರೆ ಸರಿ. ಮಾತಾಡ್ಬೋದು.’

ಇಪ್ಪತ್ನಾಲ್ಕು ಮಕ್ಕಳು ಅವಳನ್ನೇ ನೋಡಿದರು.

‘ಮಾತಾಡ್ಬೋದು ಅಂದೆ,’ ಎಂದಳು ಸ್ಲಾವ್ಕಾ. ಹೇಳಿದ ರೀತಿಗೆ ಯಾರಾದರೂ ಬಾಯಿ ಬಿಡುವುದುಂಟೇ?

ಎರಡು ಸಾಲು ಎಂದರೆ ಎರಡು ಗುಂಪು ಎಂದು ಆ ಮಕ್ಕಳಿಗೆ ಚೆನ್ನಾಗಿ ಗೊತ್ತಿತ್ತು. ಈ ಮಿಸ್ ಒಂದು ಸಲ ‘ಈಗ ಬಂದೆ’ ಎಂದು ಹೊರಗೆ ಹೋಗಿ, ಬಾಗಿಲಿನ ಗಾಜಿನಲ್ಲಿ ಕಣ್ಣಿಟ್ಟು ನಿಂತು, ಒಳಗೆ ಬಂದು ಐದು ಜೋಡಿಗೆ ಎರಡು ಕೊಟ್ಟದ್ದೂ ನೆನಪಿತ್ತು. ಇವತ್ತು ಮೇಲಾಗಿ ಇನ್ಸ್‌ಪೆಕ್ಟರನ್ನು ಬೇರೆ ಕರೆಸಿದ್ದಾಳೆ.

ಎರಡನೇ ಬೆಂಚಿನ ಕಾಲೋಯಾನ್ ತನ್ನ ಮೊದಲ ಲೆಕ್ಕ ಮುಗಿಸಿದ. ಉತ್ತರ ಐದು. ಕಣ್ಣಿನ ತುದಿಯಿಂದ ಪಕ್ಕದ ಸ್ವಿಲೆನಾಳ ಕಡೆ ನೋಡಿದ. ಆ ಕೆಲಸದಲ್ಲಿ ಅವನು ಪಳಗಿದವನು, ಕತ್ತು ಒಂದಿಷ್ಟೂ ತಿರುಗುವುದಿಲ್ಲ. ಅವಳದೂ ಐದು! ಅವನ ಮುಖ ಬಿಳಿಚಿಕೊಂಡಿತು. ಅದೇ ಹೊತ್ತಿಗೆ ಅವಳೂ ನೋಡಿದಳು.

‘ನೀನು ಬದ್ಲಾಯ್ಸು,’ ಎಂದಳು ಸ್ವಿಲೆನಾ ತುಟಿ ಅಲ್ಲಾಡಿಸದೆ.

‘ನಾನ್ಯಾಕೆ? ನಾನು ಮೊದ್ಲು ಮುಗ್ಸಿದ್ದು.’

‘ನಂಗೆ ಆಗ್ಲೇ ಒಂದು ಸಲ ಎರಡು ಬಂದಿದೆ ಕಣೋ, ಇನ್ನೊಂದು ಬಂದ್ರೆ ಅಮ್ಮ ಮನೆಗೆ ಸೇರ್ಸಲ್ಲ.’

ಕಾಲೋಯಾನ್ ಒಳ್ಳೆಯ ಹುಡುಗ. ಐದನ್ನು ಹೊಡೆದುಹಾಕಿ ಆರು ಎಂದು ಬರೆದ. ಸ್ವಿಲೆನಾಗೆ ಅವನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ, ಆದ್ದರಿಂದ ಅವಳೂ ತನ್ನ ಐದನ್ನು ಎಂಟು ಮಾಡಿದಳು.

ಹನ್ನೆರಡು ಬೆಂಚುಗಳಲ್ಲೂ ಇದೇ ಆಯಿತು. ಸಾಲುಗಳ ನಡುವೆ ಓಡಾಡುತ್ತಿದ್ದ ಸ್ಲಾವ್ಕಾಳ ಕಣ್ಣೆದುರಿಗೇ ಸರಿಯುತ್ತರಗಳು ಒಂದೊಂದಾಗಿ ತಪ್ಪಾಗುತ್ತಿದ್ದವು. ‘ಹೊಡಿಬೇಡಿ! ಸರಿಯಾಗಿದೆ, ಹೊಡಿಬೇಡಿ!’ ಎಂದಳು. ಅವಳ ದನಿ ಏರಿದಷ್ಟೂ ಮಕ್ಕಳು ಇನ್ನೂ ಬೇಗ ಬೇಗ ಹೊಡೆದರು. ಕೊನೆಗೆ ಹಿಂದಿನ ಬೆಂಚಿನ ಕಡೆ ತಿರುಗಿದಳು. ಹಾಜಿಯೆವ್ ನಾಚಿಕೆಯಿಲ್ಲದೆ ಕತ್ತು ಚಾಚಿ ಇನ್ಸ್‌ಪೆಕ್ಟರಳ ಉತ್ತರ ನೋಡಲು ಹೆಣಗುತ್ತಿದ್ದ. ಜಿಲ್ಲೆಯ ಗಣಿತದ ಇನ್ಸ್‌ಪೆಕ್ಟರ್ ಬಿಸೆರಾ ತಾಪಾರೋವಾ ಎಡತೋಳಿನಿಂದ ತನ್ನ ಸಾಲನ್ನು ಮುಚ್ಚಿಕೊಂಡು ಬರೆಯುತ್ತಿದ್ದಳು.

ಗಂಟೆ ಹೊಡೆಯಿತು. ಮಕ್ಕಳು ಹಾಳೆಗಳನ್ನು ಮೇಜಿನ ಮೇಲಿಟ್ಟು ಬದುಕಿದೆವು ಎಂಬಂತೆ ಹೊರಗೆ ಓಡಿದರು. ಹಾಜಿಯೆವ್ ‘ಕಾಫಿ ಹೇಳ್ತೀನಿ’ ಎಂದು ಅವರ ಹಿಂದೆಯೇ ಜಾರಿಕೊಂಡ. ಎಪ್ಪತ್ತೆರಡು ಜೋಡಿ ಉತ್ತರಗಳಲ್ಲಿ ಒಂದೂ ಹೊಂದಿರಲಿಲ್ಲ. ಅಷ್ಟೊಂದು ಅಚ್ಚುಕಟ್ಟಾಗಿ ಹೊಂದದಿರುವುದಕ್ಕೂ ಜೋಡಿಯಾಗಿಯೇ ಕೆಲಸ ಮಾಡಿರಬೇಕು, ಆದರೆ ಅದನ್ನು ತುಂಬಲು ವರದಿಯ ಫಾರಮ್ಮಿನಲ್ಲಿ ಜಾಗವಿರಲಿಲ್ಲ.

ಬಿಸೆರಾ ಮುಂದೆ ಬಂದು ಮೊದಲ ಬೆಂಚಿನಲ್ಲಿ ಕೂತಳು. ಫಾರಮ್ಮು ತೆರೆದಳು.

‘ಪಾಠ ಕೆಟ್ಟಿತು ಮಿಸ್,’ ಎಂದಳು.

‘ನಂಗೂ ಕಣ್ಣಿದೆ.’

‘ಆದ್ರೆ ಬರೆಯೋಕೆ ಒಂದು ದಾರಿ ಇದೆ. ಸಹಕಾರ ಅನ್ನೋ ಕಡೆ ಕಮ್ಮಿ ಹಾಕ್ತೀನಿ, ಸ್ವತಂತ್ರ ಕೆಲಸ ಅನ್ನೋ ಕಡೆ ಪೂರ್ತಿ ಕೊಡ್ತೀನಿ. ಒಬ್ಬರೂ ಇನ್ನೊಬ್ಬರದು ನೋಡಿ ಬರೀಲಿಲ್ಲ, ಈಗಿನ ಕಾಲದಲ್ಲಿ ಇಂಥ ಕ್ಲಾಸ್ ಎಲ್ಲಿದೆ ಅಂತ ಬರೀತೀನಿ. ಆ ಹುಡುಗನ ಪಾಠ ಮೊದ್ಲೇ ಮಾಡ್ಸಿದ್ದು ಅಂತ ನಂಗೆ ಗೊತ್ತಾಯ್ತು. ಜೋಕ್ ಮುಗಿಯೋ ಮುಂಚೆ ನಗ್ತಿದ್ರು.’ ಬರೆದೂ ಬಿಟ್ಟಳು. ಸ್ಲಾವ್ಕಾ ತಲೆಕೆಳಗಾಗಿ ಓದಿದಳು. ಸ್ವತಂತ್ರ ಕೆಲಸ: ಅತ್ಯುತ್ತಮ.

ಹುದ್ದೆ ಉಳಿಯಿತು. ಸ್ಲಾವ್ಕಾ ಅವಳ ಪಕ್ಕದಲ್ಲೇ ಕೂತಳು.

‘ಒಂದು ಕೇಳ್ಲಾ ಮಿಸ್?’ ಬಿಸೆರಾ ಪೆನ್ನಿನ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು. ‘ಎರಡು ಸಾವಿರದ ಒಂದನೇ ಇಸವಿ, ಮಾರ್ಚ್ ಪರೀಕ್ಷೆ. ನಂಗೂ ಪಕ್ಕದಲ್ಲಿ ಕೂರ್ತಿದ್ದ ತೆಮೆನುಗಾಗೂ ನಾಲ್ಕನೇ ಲೆಕ್ಕ ಒಂದೇ ಉತ್ತರ ಬಂತು ಅಂತ ಇಬ್ಬರಿಗೂ ಎರಡು ಕೊಟ್ರಿ. ಜ್ಞಾಪಕ ಇದೆಯಾ?’

ಜ್ಞಾಪಕವಿರಲಿಲ್ಲ. ಮೂವತ್ನಾಲ್ಕು ವರ್ಷದಲ್ಲಿ ಇಂಥ ಎರಡುಗಳು ಎಷ್ಟೋ.

‘ನಾನು ಕಾಪಿ ಹೊಡೀಲಿಲ್ಲ. ಅಂದ್ಮೇಲೆ ಹೊಡ್ದಿದ್ದು ಅವಳೇ ತಾನೆ? ಅವಳು ನಾನಲ್ಲ ನೀನೇ ಅಂದ್ಲು. ಒಂದನೇ ಕ್ಲಾಸಿಂದ ಜೊತೇಲಿ ಕೂತವರು ನಾವು, ಅವತ್ತಿಂದ ಮಾತಿಲ್ಲ. ಈಗ ಸ್ಪೇನಲ್ಲಿದಾಳೆ, ಕಿತ್ತಳೆ ವಿಂಗಡ್ಸೋ ಶೆಡ್ಡಲ್ಲಿ. ಫೋನ್ ನಂಬರ್ ಇದೆ ನನ್ನ ಹತ್ರ, ಯಾವತ್ತೂ ಮಾಡಿಲ್ಲ. ಏನೂ ಇಲ್ಲ, ಸುಮ್ನೆ ಕೇಳ್ದೆ. ನಿಮ್ಗೆ ಎಲ್ಲಾ ಕಾಣ್ತಿತ್ತಲ್ಲ, ಹೊಡ್ದಿದ್ದು ಅವಳೇ ಅಲ್ವಾ?’

‘ಹೂಂ’ ಎಂದಿದ್ದರೆ ಸಾಕಿತ್ತು. ಹೇಳಲು ಬಾಯಿಯೂ ತೆರೆದಿತ್ತು. ಆದರೆ ಸ್ಲಾವ್ಕಾ ಗಣಿತದವಳು, ನೋಡದೆ ಉತ್ತರ ಹೇಳುವ ಅಭ್ಯಾಸವಿಲ್ಲ. ಎದ್ದು ಬೀರು ತೆಗೆದಳು. ಪ್ರತಿ ವರ್ಷದ ಎರಡೂ ಗುಂಪಿನ ಪ್ರಶ್ನೆಪತ್ರಿಕೆಗಳು ಅಲ್ಲಿ ಫೈಲಿನಲ್ಲಿದ್ದವು, ತಾರೀಕಿನ ಸಮೇತ. ಎರಡು ಸಾವಿರದ ಒಂದರ ಹಾಳೆ ತಂದು ಬೆಂಚಿನ ಮೇಲಿಟ್ಟು ನಾಲ್ಕನೇ ಲೆಕ್ಕ ನೋಡಿದಳು.

ಮೊದಲ ಗುಂಪು: ಒಂದು ಸಂಖ್ಯೆಯಿಂದ ನಾಲ್ಕು ಕಳೆದು ಮೂರರಿಂದ ಗುಣಿಸಿದರೆ ಆ ಸಂಖ್ಯೆಯ ಎರಡರಷ್ಟಾಗುತ್ತದೆ. ಎರಡನೇ ಗುಂಪು: ಒಂದು ಸಂಖ್ಯೆಯ ಮೂರನೇ ಒಂದು ಭಾಗಕ್ಕೆ ಐದು ಕೂಡಿಸಿದರೆ ಒಂಬತ್ತು.

ಅವಳಿಗೆ ಪೆನ್ನು ಬೇಕಾಗಲಿಲ್ಲ. ಹನ್ನೆರಡು. ಇದೂ ಹನ್ನೆರಡು.

ತಾನು ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಅವಳ ಎಡತೋಳು ಮೇಲೆದ್ದು ಹಾಳೆಯನ್ನು ಮುಚ್ಚಿತು. ಆ ವಾರ ಜ್ವರವಿತ್ತೋ, ಮನೆಯಲ್ಲಿ ನೆಂಟರಿದ್ದರೋ, ಒಂದು ಭಾನುವಾರ ಒಂದು ಲೆಕ್ಕ ಮಾಡಿ ನೋಡುವುದನ್ನು ಬಿಟ್ಟಿದ್ದಳು. ಅಷ್ಟೇ. ಅಷ್ಟಕ್ಕೆ ಇಬ್ಬರು ಹುಡುಗಿಯರು ಇಪ್ಪತ್ಮೂರು ವರ್ಷ ಮಾತು ಬಿಟ್ಟಿದ್ದರು. ಸ್ಲಾವ್ಕಾಗೆ ತನ್ನ ಮೇಲೆ ಅಸಹ್ಯವಾಯಿತು. ಅದರ ಜೊತೆಗೇ, ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಹೊಳೆಯಿತು. ವರದಿ ಬರೆದಾಗಿದೆ. ಕೋಣೆಯ ಬೀಗದಕೈ ಜೇಬಿನಲ್ಲೇ ಇದೆ.

‘ಏನ್ಮಿಸ್?’ ಎಂದಳು ಬಿಸೆರಾ. ಅವಳ ಕಣ್ಣು ಆ ತೋಳಿನ ಮೇಲಿತ್ತು.

ಸ್ಲಾವ್ಕಾ ತೋಳು ತೆಗೆದಳು. ಹಾಳೆಯನ್ನು ಇಬ್ಬರ ನಡುವೆ ತಳ್ಳಿ, ‘ನೀನು ಎಡಗಡೆದು ಮಾಡು, ನಾನು ಬಲಗಡೆದು ಮಾಡ್ತೀನಿ,’ ಎಂದಳು.

ಬಿಸೆರಾ ಬರೆದಳು. ಸ್ಲಾವ್ಕಾ ಬರೆದಳು. ಹನ್ನೆರಡು, ಹನ್ನೆರಡು. ಅವತ್ತಿನ ಜೋಡಿ ಚಟುವಟಿಕೆಯಲ್ಲಿ ಉತ್ತರ ಹೊಂದಿದ ಜೋಡಿ ಅದೊಂದೇ.

ಬಿಸೆರಾ ಎರಡು ಹನ್ನೆರಡುಗಳ ಮೇಲೂ ಬೆರಳಾಡಿಸಿದಳು. ಆಮೇಲೆ, ‘ನಾನು ಅವಳಿಗೆ ಕಳ್ಳಿ ಅಂದಿದ್ದೆ ಮಿಸ್. ಅವರಪ್ಪನ ಎದುರಿಗೇ,’ ಎಂದಳು.

ಸ್ಲಾವ್ಕಾ ಕೆಂಪು ಪೆನ್ನು ತೆಗೆದಳು. ಆ ಹಾಳೆಯ ಮೇಲೆ ದಪ್ಪವಾಗಿ ಬರೆದಳು: ‘ನಾಲ್ಕನೇ ಲೆಕ್ಕ: ಇಬ್ಬರದೂ ಸರಿ. ತಪ್ಪು ನನ್ನದು. ಒಂದೇ ಉತ್ತರ, ಇಬ್ಬರಿಗೂ ಆರು.’ ರುಜು ಹಾಕಿದಳು. ಬಿಸೆರಾ ಅದರ ಫೋಟೋ ತೆಗೆದು ಸ್ಪೇನಿಗೆ ಕಳಿಸಿದಳು. ಹಾಜಿಯೆವ್ ಕಾಫಿ ತಂದಿಟ್ಟು, ಇಬ್ಬರ ಮುಖ ನೋಡಿ ಹೊರಟುಹೋದ. ಕಾಫಿ ಆರುವ ಹೊತ್ತಿಗೆ ಫೋನು ಸದ್ದು ಮಾಡಿತು.

ಬಿಸೆರಾ ಓದಿ ಹೇಳಿದಳು: ‘ಹಂಗಾದ್ರೆ ಇಷ್ಟು ವರ್ಷ ನಾನು ಯಾರ ಮೇಲೆ ಕೋಪ ಮಾಡ್ಕೊಂಡಿದ್ದೆ ಅಂತ ಕೇಳ್ತಿದಾಳೆ.’

‘ನನ್ನ ಮೇಲೆ ಅಂತ ಬರಿ,’ ಎಂದಳು ಸ್ಲಾವ್ಕಾ. ‘ಆಮೇಲೆ ಆ ಅತ್ಯುತ್ತಮ ಅನ್ನೋದನ್ನ ಹೊಡೆದಾಕು. ಅದು ಸ್ವತಂತ್ರ ಕೆಲಸ ಅಲ್ಲ. ಹೆದರಿಕೆ. ನನ್ನ ಹೆದರಿಕೆ. ನೀನೂ ಹಿಂದೆ ಕೂತು ಹಾಳೆ ಮುಚ್ಕೊಂಡಿದ್ದೆ, ನೋಡ್ದೆ ನಾನು.’

‘ಹೊಡೆದ್ರೆ ಹುದ್ದೆ ಹೋಗತ್ತೆ ಮಿಸ್.’

‘ಕೂಡೋದು ಕಳಿಯೋದು ನಂಗೂ ಬರತ್ತೆ. ಹೊಡಿ.’

ಬಿಸೆರಾ ಹೊಡೆದಳು. ಏಪ್ರಿಲ್ ಮೊದಲ ವಾರದಲ್ಲಿ ಹುದ್ದೆ ಯಾವೋರನಿಗೆ ಎಂದು ಕಾಗದ ಬಂತು. ಅವನು ಮುಜುಗರದಿಂದ ಒಂದು ಹೂಗುಚ್ಛ ತಂದುಕೊಟ್ಟ. ಅವನು ಗಣಿತದವನೇ, ಹೂವುಗಳನ್ನು ಬೆಸಸಂಖ್ಯೆಯಲ್ಲೇ ತಂದಿದ್ದ, ಸಮಸಂಖ್ಯೆಯ ಹೂವು ಅಲ್ಲಿ ಸತ್ತವರಿಗೆ. ಅದಕ್ಕೆ ಅವಳು ಅವನನ್ನು ಅರ್ಧ ಕ್ಷಮಿಸಿದಳು. ಉಳಿದರ್ಧ ಅವನಿಗೆ ಸಿಗಲಿಲ್ಲ, ಯಾಕೆಂದರೆ ಅವನು ಆಗಲೇ ಹನ್ನೆರಡನೇ ನಂಬರಿನ ಕೋಣೆಯ ಕಿಟಕಿಗಳನ್ನು ಎಣಿಸುತ್ತಿದ್ದ.

ಜೂನ್ ಮುಗಿಯುವವರೆಗೆ ಮಾತ್ರ ಕೋಣೆ ಅವಳದು. ಕಾಗದ ಬಂದ ಮಾರನೆಯ ದಿನ ಎಂಟನೇ ತರಗತಿಗೆ ಹೋಗಿ ಮಾರ್ಚಿನ ಆ ಹನ್ನೆರಡು ಹಾಳೆಗಳನ್ನು ವಾಪಸು ಕೊಟ್ಟಳು. ಹೊಡೆದುಹಾಕಿದ ಗೆರೆಗಳ ಕೆಳಗೆ ಮೊದಲು ಬರೆದದ್ದು ಕಾಣುತ್ತಿತ್ತು. ಅದಕ್ಕೇ ಅಂಕ ಕೊಟ್ಟಿದ್ದಳು.

ಕಾಲೋಯಾನ್ ತಮ್ಮ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ‘ಮಿಸ್, ನಮ್ಮಿಬ್ಬರಿಗೂ ಆರು ಇದೆ. ಏನೋ ಯಡವಟ್ಟಾಗಿದೆ.’

‘ಯಡವಟ್ಟಾಗಿತ್ತು,’ ಎಂದಳು ಸ್ಲಾವ್ಕಾ. ‘ಕಾನೂನು ನಂದು. ತಪ್ಪು ಕಾನೂನು ಮಾಡಿದ್ದೆ. ಇನ್ಮೇಲೆ ಒಂದೇ ಉತ್ತರ ಬಂದ್ರೆ ಇಬ್ಬರಿಗೂ ಆರು.’

ಕೇಳಿಸಿಕೊಂಡರು ಪುಣ್ಯಾತ್ಮರು. ಮುಂದಿನ ಒಗಟಿನ ಹಾಳೆಯಲ್ಲಿ ಹನ್ನೆರಡು ಜೋಡಿಗಳದೂ ಒಂದೇ ಉತ್ತರ. ಮೂರನೇ ಲೆಕ್ಕಕ್ಕೆ ಇಪ್ಪತ್ನಾಲ್ಕು ಜನ ಒಂದೇ ತಪ್ಪನ್ನು ಬರೆದಿದ್ದರು, ಅದು ಸ್ವಿಲೆನಾಳ ತಪ್ಪು, ಅವಳು ಬರೆಯುವ ಸೊಟ್ಟ ಏಳು ಕೂಡ ಎಲ್ಲರ ಹಾಳೆಯಲ್ಲೂ ಇತ್ತು. ಸ್ಲಾವ್ಕಾಗೆ ಮೂವತ್ನಾಲ್ಕು ವರ್ಷದ ಸಿಟ್ಟು ಒಟ್ಟಿಗೆ ನೆತ್ತಿಗೇರಿತು. ಕೆಂಪು ಪೆನ್ನು ಕೈಗೂ ಬಂತು. ಆಮೇಲೆ ಅದನ್ನು ಕಾಲೋಯಾನನ ಮುಂದೆ ಇಟ್ಟು, ಅವನನ್ನು ಸರಿಸಿ, ಅವನ ಬೆಂಚಿನಲ್ಲೇ ಕೂತಳು.

‘ಹನ್ನೆರಡು ಜೋಡಿ, ಒಂದು ತಪ್ಪು,’ ಎಂದಳು. ‘ಎಲ್ಲಿದೆ ಅಂತ ನಾನು ಹೇಳಲ್ಲ. ಹುಡುಕಿ.’

ಮೊದಲು ಒಬ್ಬರು ಪಿಸುಗುಟ್ಟಿದರು. ಆಮೇಲೆ ಸ್ವಿಲೆನಾ, ‘ನಂದು ತಪ್ಪಲ್ಲ, ನೀವು ಕಾಪಿ ಹೊಡ್ದಿದ್ದೇ ತಪ್ಪಾಗಿ!’ ಎಂದು ಎದ್ದು ನಿಂತಳು. ಅಲ್ಲಿಂದ ಮುಂದೆ ಯಾರು ಏನು ಹೇಳಿದರೆಂದು ಕೇಳುವಂತಿರಲಿಲ್ಲ. ಬೆಂಚಿನಿಂದ ಬೆಂಚಿಗೆ ಹಾರಿದರು, ಬೋರ್ಡಿನ ಮೇಲೆ ಮೂವರು ಒಂದೇ ಸಲ ಬರೆದರು, ‘ಕತ್ತೆ, ಆವರಣ ಬಿಡ್ಸೋವಾಗ ಚಿಹ್ನೆ ಬದ್ಲಾಯ್ಸಬೇಕು!’ ಎಂದು ಯಾರೋ ಯಾರಿಗೋ ಕೂಗಿದರು. ಕಾಲೋಯಾನ್ ಕೆಂಪು ಪೆನ್ನಿನಿಂದ ಪ್ರಶ್ನೆಯ ಹಾಳೆಯಲ್ಲಿ ಸ್ಲಾವ್ಕಾಳದೇ ಒಂದು ಅಂಕಿ ತಿದ್ದಿದ. ಅವಳು ಸುಮ್ಮನೆ ಕೂತು ಖುಷಿಪಟ್ಟಳು, ಮತ್ತು ಜೂನಿಗೆ ಎಷ್ಟು ವಾರವಿದೆ ಎಂದು ಲೆಕ್ಕ ಹಾಕಿ ಹೊಟ್ಟೆ ಉರಿಸಿಕೊಂಡಳು.

ಗದ್ದಲಕ್ಕೆ ಹಾಜಿಯೆವ್ ಬಾಗಿಲು ತೆರೆದ. ಟೀಚರಿಲ್ಲವೆಂದುಕೊಂಡು ಗದರಿಸಲು ಬಾಯಿ ತೆಗೆದವನು, ಎರಡನೇ ಬೆಂಚಿನಲ್ಲಿ ಅವಳನ್ನು ಕಂಡು ನಿಂತುಬಿಟ್ಟ. ಕಣ್ಣು ಬಿಟ್ಟುಕೊಂಡು ಎಲ್ಲ ನೋಡಿದ. ಆಮೇಲೆ ಬಗ್ಗಿ, ಅವಳ ಕಿವಿಯ ಹತ್ತಿರ, ನಿಜವಾದ ಸಂಕಟದಿಂದ ಕೇಳಿದ.

‘ಇದನ್ನ ಅವತ್ತು ಮಾಡೋಕೇನಾಗಿತ್ತು ಮೇಡಂ?’

‘ಅವತ್ತು ನಂಗೆ ಕಳ್ಕೊಳೋಕೆ ಒಂದು ಕೆಲಸ ಇತ್ತಲ್ಲ ಸಾರ್,’ ಎಂದಳು ಸ್ಲಾವ್ಕಾ.